ನೋಡಲು ಬಂದ ಗೊಂಬೆ

ಕಪ್ಪು ಬಂಡೆಯ ಇಳಿಜಾರಿನ ಮೇಲೆ ಕೂತಿದ್ದ ಆ ಊರಿಗೆ ಇದ್ದದ್ದು ಒಂದೇ ಕಟ್ಟಳೆ. ಹಿರಿಯರ ಕೈ ನಡುಗಿದಾಗ ನೋಡಬಾರದು. ಅವರ ಕಾಲು ತಡವರಿಸಿದಾಗ ನೋಡಬಾರದು. ಬಾಯಿಗೆ ಹೋಗಬೇಕಾದ ತುತ್ತು ಎದೆಯ ಮೇಲೆ ಬಿದ್ದಾಗ ನೋಡಬಾರದು, ಆಡಬೇಕಾದ ಮಾತು ನಾಲಿಗೆಗೆ ಬಾರದೆ ಹೋದಾಗ ನೋಡಬಾರದು. ಮಕ್ಕಳಾಗಲಿ ಸೊಸೆಯಂದಿರಾಗಲಿ, ನೆರೆಯವರಾಗಲಿ ಬೀದಿಯಲ್ಲಿ ಹಾದು ಹೋಗುವವರಾಗಲಿ, ಆ ಹೊತ್ತಿಗೆ ಹತ್ತಿರದ ಗೋಡೆಗೆ ಮುಖ ಮಾಡಿ, ಹಣೆ ಆನಿಸಿ, ಆಗುವುದೆಲ್ಲ ಆಗಿ ಮುಗಿಯುವ ತನಕ ನಿಲ್ಲಬೇಕು. ಇದನ್ನು ಆ ಊರಿನವರು ಮರ್ಯಾದೆ ಎಂದು ಕರೆಯುತ್ತಿದ್ದರು.

ಪ್ರತಿ ಮನೆಯ ನಡುಮನೆಯಲ್ಲೂ ಇದಕ್ಕೆಂದೇ ಒಂದು ಬೋಳು ಗೋಡೆ. ಅದಕ್ಕೆ ಗೂಟ ಹೊಡೆಯುವಂತಿಲ್ಲ, ಪಟ ತೂಗುಹಾಕುವಂತಿಲ್ಲ. ತಲೆಮಾರುಗಳಿಂದ ಹಣೆಗಳು ಆನಿ ಆನಿ ಅದರ ಮೇಲೆ ಜಿಡ್ಡಿನ ಕಪ್ಪು ಕಲೆ ಬಿದ್ದಿರುತ್ತಿತ್ತು. ಕಲೆ ಎಷ್ಟು ಕಪ್ಪೋ ಮನೆತನ ಅಷ್ಟು ದೊಡ್ಡದು. ಹೆಣ್ಣು ನೋಡಲು ಬಂದವರು ಮೊದಲು ಗೋಡೆ ನೋಡುತ್ತಿದ್ದರು, ಆಮೇಲೆ ಹೆಣ್ಣು. ಕಲೆ ತೆಳುವಾಗಿದ್ದ ಮನೆಯವರು ಹಿಂದಿನ ದಿನ ಕುಸುಬಿ ಎಣ್ಣೆ ತಿಕ್ಕಿ ಕಪ್ಪು ಮಾಡಿಕೊಳ್ಳುವುದೂ ಇತ್ತು. ಗೊತ್ತಾದವರು ತುಟಿ ಬಿಚ್ಚುತ್ತಿರಲಿಲ್ಲ, ಯಾಕೆಂದರೆ ಅವರ ಮನೆಯ ಗೋಡೆಗೂ ಒಂದಿಷ್ಟು ಎಣ್ಣೆ ಬಿದ್ದಿರುತ್ತಿತ್ತು.

ಹೀಗಾಗಿ ಆ ಊರಿನ ಮುದುಕರು ಮನೆ ತುಂಬ ಜನರ ನಡುವೆ ಒಬ್ಬರೇ ಬೀಳುತ್ತಿದ್ದರು, ಒಬ್ಬರೇ ಏಳುತ್ತಿದ್ದರು. ಕೆಲವರು ಏಳುತ್ತಲೇ ಇರಲಿಲ್ಲ. ಗೋಡೆಗೆ ನಿಂತವರು ಬಹಳ ಹೊತ್ತು ಕಾದು, ಸದ್ದೇ ಇಲ್ಲವೆಂದು ತಿರುಗಿದಾಗ ಅವರಿಗೆ ಅದು ಗೊತ್ತಾಗುತ್ತಿತ್ತು. ಆಗಲೂ ಜನ, ಮರ್ಯಾದೆಯಿಂದ ಹೋದರು ಎನ್ನುತ್ತಿದ್ದರು.

ಊರಾಚೆ ಕಿಟಕಿಗಳೇ ಇಲ್ಲದ ಒಂದು ಉದ್ದನೆಯ ಮನೆ ಇತ್ತು. ಅದಕ್ಕೆ ಕಣ್ಣಿಲ್ಲದ ಮನೆ ಎಂದು ಹೆಸರು. ತಮ್ಮ ಕೈಯಿಂದ ತಾವು ಉಣ್ಣಲಾರದವರನ್ನು ಅಲ್ಲಿ ಬಿಟ್ಟು ಬರುತ್ತಿದ್ದರು. ಗೋಡೆಯ ಕಿಂಡಿಯಿಂದ ಊಟದ ಗಂಗಾಳ ಒಳಗೆ ಹೋಗುತ್ತಿತ್ತು, ಗಂಗಾಳ ಹೊರಗೆ ಬರುತ್ತಿತ್ತು. ಯಾರು ಹೋಗಬೇಕು, ಯಾರು ಉಳಿಯಬೇಕು ಎಂದು ತೀರ್ಮಾನ ಮಾಡಲು ಊರಿಗೊಬ್ಬ ಕೇಳುವವನಿದ್ದ. ಸುಗ್ಗಿ ಮುಗಿದ ಮೇಲೆ ಅವನು ಮನೆ ಮನೆಗೆ ಬಂದು ಗೋಡೆಗೆ ಹಣೆ ಆನಿಸಿ ನಿಲ್ಲುವನು. ಅವನ ಬೆನ್ನ ಹಿಂದೆ ಮನೆಯ ಮುದುಕರು ಒಂದು ಬಟ್ಟಲು ಅಂಬಲಿ ಕುಡಿಯಬೇಕು. ನೋಡುವಂತಿಲ್ಲವಲ್ಲ, ಅದಕ್ಕೇ ಕೇಳುವುದು. ಅಂಬಲಿ ಗಂಟಲಿಗಿಳಿದ ಸದ್ದಾದರೆ ಮನೆ, ನೆಲಕ್ಕೆ ಸುರಿದ ಸದ್ದಾದರೆ ಕಣ್ಣಿಲ್ಲದ ಮನೆ. ಇದನ್ನು ಹೇಳುವಾಗ ನನ್ನ ಮುಖ ಬಿಸಿಯಾಗುತ್ತದೆ. ಆ ಊರಿನಲ್ಲಿ ಯಾರ ಮುಖವೂ ಬಿಸಿಯಾಗುತ್ತಿರಲಿಲ್ಲ, ಗೋಡೆ ತಣ್ಣಗಿತ್ತು.

ಆ ಊರಿನಲ್ಲಿ ಒಬ್ಬ ತಾಯಿ ಇದ್ದಳು. ಒಂದು ಕಾಲಕ್ಕೆ ಅರ್ಧ ಊರಿಗೆ ಜೋಳದ ರೊಟ್ಟಿ ತಟ್ಟಿ ಹಾಕಿದ ಕೈ ಅವಳದು. ಅವಳ ರೊಟ್ಟಿಯ ಸದ್ದು ಕೇಳಿ ಜನ ಎದ್ದು ಮುಖ ತೊಳೆಯುತ್ತಿದ್ದರಂತೆ. ಈಗ ಆ ಕೈಗಳು ಕೆಲಸವಿಲ್ಲದೆ ತಮ್ಮಷ್ಟಕ್ಕೆ ತಾವೇ ನಡುಗುತ್ತಿದ್ದವು. ಕಾಲು ಹೊಸ್ತಿಲ ಬಳಿ ಬಂದು ಅಲ್ಲೇ ಅಂಟಿಕೊಂಡು ನಿಲ್ಲುತ್ತಿತ್ತು. ಹೆಸರುಗಳು ಒಂದೊಂದಾಗಿ ಅವಳನ್ನು ಬಿಟ್ಟು ಹೋಗುತ್ತಿದ್ದವು. ಅವಳಿಗೆ ಇದ್ದವಳು ಒಬ್ಬಳೇ ಮಗಳು. ಅವಳು ತುಂಬ ಒಳ್ಳೆಯ ಮಗಳೆಂದು ಊರೆಲ್ಲ ಹೇಳುತ್ತಿತ್ತು, ಯಾಕೆಂದರೆ ದಿನದ ಬಹು ಪಾಲು ಅವಳು ಗೋಡೆಗೇ ನಿಂತಿರುತ್ತಿದ್ದಳು. ಅವಳ ಹಣೆಯ ನಡುವೆ ರೂಪಾಯಿಯಗಲದ ಗಟ್ಟಿ ಚರ್ಮ ಬೆಳೆದಿತ್ತು.

ಹೋದ ಸುಗ್ಗಿಯಲ್ಲಿ ತಾಯಿಯ ಅಂಬಲಿ ನೆಲಕ್ಕೆ ಸುರಿದ ಸದ್ದು ಕೇಳಿಸಿತ್ತು. ಕೇಳುವವನು ಹೊರಡುವ ಮುಂಚೆ ಮಗಳಿಗೆ ಹೇಳಿದ್ದ: "ಒಂದ್ ವರ್ಷ ಬಿಟ್ಟೇನಿ ನೋಡವ್ವ, ನಿನ್ನ ಹಣಿ ನೋಡಿ ಬಿಟ್ಟೇನಿ. ಮುಂದಿನ ಸುಗ್ಗಿಗೂ ಹಿಂಗ ಆದ್ರ ನನ್ನ ಕೈಯಾಗ ಏನೂ ಇಲ್ಲ."

ಅಂದಿನಿಂದ ಮಗಳಿಗೆ ಇದ್ದದ್ದು ಒಂದೇ ಚಿಂತೆ. ತಾಯಿ ಮನೆಯಲ್ಲಿ ಉಳಿಯಬೇಕು.

ಆ ಹೊತ್ತಿಗೆ ಹೊಳೆಯಾಚೆಯಿಂದ ಒಬ್ಬ ವೈದ್ಯೆ ಬಂದಳು. ಅವಳ ಗಾಡಿಯ ತುಂಬ ಯಂತ್ರದ ಮನುಷ್ಯರು. ಬಿಳಿ ಮೈ, ಗಿಣ್ಣು ಗಿಣ್ಣಿನಲ್ಲೂ ಬಾಗುವ ಬೆರಳು, ಅಗಲವಾದ ಎರಡು ಕಣ್ಣು, ಗಂಡಸಿನದೂ ಅಲ್ಲದ ಹೆಂಗಸಿನದೂ ಅಲ್ಲದ ದನಿ. ಹೊಳೆಯಾಚೆ ಅವಕ್ಕೆ ರೋಬಾಟ್ ಅನ್ನುತ್ತಾರೆ ಎಂದು ವೈದ್ಯೆ ಹೇಳಿದಳು. ಊರಿನವರು ಗೊಂಬೆ ಎಂದರು.

ವೈದ್ಯೆ ಪಂಚರ ಮುಂದೆ ಹೇಳಿದಳು: "ಇದು ನರದ ಕಾಯಿಲೆ. ಔಷಧ ಅರ್ಧ ಕೆಲಸ ಮಾಡುತ್ತೆ. ಇನ್ನರ್ಧಕ್ಕೆ ಯಾರಾದರೂ ಎದುರಿಗೆ ಕೂತು ಕೈ ಎತ್ತಿ ತೋರಿಸಬೇಕು, ಅವರು ಎತ್ತೋದನ್ನ ನೋಡಬೇಕು, ಚೆಲ್ಲಿದರೂ ನೋಡುತ್ತಾ ಇರಬೇಕು. ಬೇಜಾರು ಮಾಡಿಕೊಳ್ಳದೆ ಮತ್ತೆ ಮತ್ತೆ. ಮನೆಯವರು ಮಾಡಿದರೆ ಎಲ್ಲಕ್ಕಿಂತ ಒಳ್ಳೇದು."

ಪಂಚರು ಕಿವಿ ಮುಚ್ಚಿಕೊಂಡರು. ಹೆತ್ತವರ ಕೈಯಿಂದ ಚೆಲ್ಲಿದ್ದನ್ನು ಮಕ್ಕಳು ಕಣ್ಣಾರೆ ನೋಡುವುದೇ?

"ಹಾಗಾದರೆ ಇವು ನೋಡಲಿ," ಎಂದಳು ವೈದ್ಯೆ.

ಪಂಚರು ಬಹಳ ಹೊತ್ತು ಯೋಚಿಸಿದರು. ಗೊಂಬೆಗೆ ಹೆತ್ತವರಿಲ್ಲ. ನೆಂಟರಿಲ್ಲ. ಬೀದಿಗೆ ಹೋಗಿ ಆಡಿಕೊಳ್ಳುವ ಬುದ್ಧಿಯೂ ಇಲ್ಲ. ಅದರ ನೋಟ ನೋಟವೇ ಅಲ್ಲ ಎಂದು ಕೊನೆಗೆ ತೀರ್ಮಾನವಾಯಿತು. ಮನೆಗೊಂದರಂತೆ ಗೊಂಬೆ ಬಂತು.

ತಾಯಿಯ ಎದುರಿಗೆ ಗೊಂಬೆ ಕೂತಿತು. ಮಗಳು ಗೋಡೆಗೆ ನಿಂತಳು. ನಡುವೆ ಅಂಬಲಿಯ ಬಟ್ಟಲು.

ಗೊಂಬೆ ಕೈ ಎತ್ತಿತು. ತಾಯಿಯೂ ಎತ್ತಿದಳು. ಗೊಂಬೆ ಕೈ ಇಳಿಸಿತು, ತಾಯಿಯೂ ಇಳಿಸಿದಳು. ಬಟ್ಟಲು ತುಟಿಯ ತನಕ ಬಂದು ಎದೆಯ ಮೇಲೆ ಮಗುಚಿತು. ಗೊಂಬೆ ನೋಡುತ್ತಲೇ ಇತ್ತು.

"ಮತ್ತೊಮ್ಮೆ ಮಾಡೋಣ, ಅವ್ವ," ಎಂದಿತು.

ಮತ್ತೆ ಎತ್ತಿದರು, ಮತ್ತೆ ಚೆಲ್ಲಿತು. ಬಹಳ ದಿನ ಹೀಗೇ ನಡೆಯಿತು. ಗೊಂಬೆಗೆ ಬೇಸರ ಗೊತ್ತಿರಲಿಲ್ಲ. ಹೇಸಿಗೆಯೂ ಗೊತ್ತಿರಲಿಲ್ಲ, ಕರುಣೆಯೂ ಗೊತ್ತಿರಲಿಲ್ಲ. ಅದಕ್ಕೆ ಗೊತ್ತಿದ್ದದ್ದು ಎದುರಿಗೆ ಕೂತು ನೋಡುವುದು ಮಾತ್ರ. ಆ ಮನೆಯಲ್ಲಿ ಅಷ್ಟು ಗೊತ್ತಿದ್ದವರು ಬೇರೆ ಯಾರೂ ಇರಲಿಲ್ಲ.

ಒಂದು ಬೆಳಿಗ್ಗೆ ತಾಯಿಯ ಕೈಗಳು ಗಾಳಿಯಲ್ಲೇ ತಟ್ಟಲು ಹೊರಟವು. ಗೊಂಬೆ ಅದನ್ನು ಕಂಡು ತಾನೂ ಅದೇ ಅಳತೆಗೆ ಅಂಗೈಗೆ ಅಂಗೈ ಬಡಿಯಿತು. ತಪ್ಪ ತಪ್ಪ ತಪ್ಪ. ರೊಟ್ಟಿಯ ಸದ್ದು. ಆ ಸದ್ದು ನಡೆಯುವಷ್ಟು ಹೊತ್ತು ತಾಯಿಯ ಕೈ ನಡುಗಲಿಲ್ಲ. ಮರುದಿನ ಗೊಂಬೆ ಅದೇ ಸದ್ದು ಮಾಡಿತು, ತಾಯಿ ಹೊಸ್ತಿಲು ದಾಟಿದಳು. ಅದರ ಮರುದಿನ ಬಟ್ಟಲು ತುಟಿ ಮುಟ್ಟಿತು. ಗೋಡೆಗೆ ನಿಂತಿದ್ದ ಮಗಳಿಗೆ ಗಂಟಲಿನ ಸದ್ದು ಕೇಳಿಸಿತು. ಅದಾದ ಮೇಲೆ ಇನ್ನೊಂದು ಸದ್ದು ಕೇಳಿಸಿತು. ಅದು ಏನೆಂದು ಗುರುತಿಸಲು ಅವಳಿಗೆ ಸ್ವಲ್ಪ ಹೊತ್ತು ಬೇಕಾಯಿತು. ತಾಯಿ ನಗುತ್ತಿದ್ದಳು.

ಮಗಳಿಗೆ ಸಂತೋಷವಾಯಿತು. ಸಂತೋಷದ ಹಿಂದೆಯೇ ನಾಚಿಕೆಯಾಯಿತು. ತಾಯಿ ನಕ್ಕದ್ದು ಯಂತ್ರದ ಜೊತೆಗೆ, ಆ ಹೊತ್ತಿನಲ್ಲಿ ಅವಳ ಮುಖ ಹೇಗಿತ್ತೆಂದು ಗೊತ್ತಿದ್ದದ್ದು ಯಂತ್ರಕ್ಕೆ ಮಾತ್ರ.

ಊರಿನಲ್ಲಿ ಎಲ್ಲ ಮನೆಯಲ್ಲೂ ಇದೇ ಆಗುತ್ತಿತ್ತು. ಮುದುಕರು ನಾಲ್ಕು ಹೆಜ್ಜೆ ಹಾಕಿದರು, ಮರೆತ ಹೆಸರುಗಳಲ್ಲಿ ಕೆಲವನ್ನು ಹೇಳಿದರು. ಹೇಳಿದ್ದು ಗೊಂಬೆಗಳಿಗೆ. ಜನ ಕಟ್ಟೆಯ ಮೇಲೆ ಕೂತು ಹೆಮ್ಮೆಪಟ್ಟರು. ಕಾಯಿಲೆಯೂ ಇಳಿಯಿತು, ಮರ್ಯಾದೆಯೂ ಉಳಿಯಿತು ಎಂದುಕೊಂಡರು.

ಹಾಗೇ ಬಿಟ್ಟಿದ್ದರೆ ಚೆನ್ನಾಗಿತ್ತು. ಆದರೆ ಬೀಗಿದ ಊರು ಸುಮ್ಮನೆ ಕೂರುವುದಿಲ್ಲ.

ತಾಯಿ ಒಂದು ದಿನ ಗೊಂಬೆಯನ್ನು ಮಗಳೇ ಎಂದು ಕರೆದಳು. ಪಕ್ಕದ ಮನೆಯವಳು ಅದನ್ನು ಕೇಳಿಸಿಕೊಂಡಳು. ನೀರಿಗೆ ಹೋದಾಗ ಮಗಳ ಪಕ್ಕ ಕೊಡ ಇಟ್ಟು ಮೆಲ್ಲಗೆ ಮಾತು ತೆಗೆದಳು.

"ನಿಮ್ಮ ಗೊಂಬಿ ಮನಿ ಮಗಳಾತಂತಲ್ಲ?"

"ಅವ್ವ ತಿಳೀದ ಅಂದಾಳ," ಎಂದಳು ಮಗಳು.

"ತಿಳೀಲಿ ಬಿಡಲಿ. ಮಗಳಂದ ಮ್ಯಾಲ ಮಗಳಽ. ಮಗಳಾದಕಿ ಅವ್ವನ ಮುಂದ ಕಣ್ಣು ತೆರಕೊಂಡು ಕುಂದರ್ತಾಳೇನ? ನಾವೂ ಮಂದಿ ಮಕ್ಕಳ ಮುಂದ ಬಾಳ್ವಿ ಮಾಡೋರು. ಅದಕ್ಕೊಂದಿಷ್ಟು ಮರ್ಯಾದಿ ಕಲಸ್ರಿ."

ಆ ಮಾತು ಮಗಳ ಎದೆಯಲ್ಲಿ ಮುಳ್ಳಾಗಿ ಕೂತಿತು. ಅವಳು ಬೇರೆ ಯಾವುದಕ್ಕೂ ಬಗ್ಗುತ್ತಿರಲಿಲ್ಲ, ಮರ್ಯಾದೆ ಇಲ್ಲ ಎಂದರೆ ಬಗ್ಗುತ್ತಿದ್ದಳು. ಮನೆಗೆ ಬಂದವಳೇ ಗೊಂಬೆಯನ್ನು ತನ್ನ ಪಕ್ಕ ನಿಲ್ಲಿಸಿಕೊಂಡಳು. ಗೊಂಬೆ ಕಲಿಯುತ್ತಿದ್ದದ್ದು ಹೇಳಿದ್ದನ್ನಲ್ಲ, ತೋರಿಸಿದ್ದನ್ನು. ತಾಯಿಯ ಕೈಯಿಂದ ಬಟ್ಟಲು ಜಾರಿತು. ಮಗಳು ತಟ್ಟನೆ ಗೋಡೆಗೆ ತಿರುಗಿ ಹಣೆ ಆನಿಸಿದಳು. ಗೊಂಬೆ ಅವಳನ್ನು ನೋಡಿತು, ತಾನೂ ಗೋಡೆಗೆ ತಿರುಗಿ ಹಣೆ ಆನಿಸಿತು. ಎರಡನೆಯ ಸಲ ತೋರಿಸಬೇಕಾಗಲಿಲ್ಲ. ಅಷ್ಟು ಬೇಗ ಕಲಿಯುವ ಮಗು ಆ ಊರಿನಲ್ಲಿ ಹುಟ್ಟಿಯೇ ಇರಲಿಲ್ಲ.

ಸುದ್ದಿ ಹಬ್ಬಿತು. ಎಲ್ಲ ಮನೆಯವರೂ ತಮ್ಮ ತಮ್ಮ ಗೊಂಬೆಗೆ ಮರ್ಯಾದೆ ಕಲಿಸಿದರು. ಹೋಳಿಗೆ ಮಾಡಿ ಹಂಚಿದರು. ಗೊಂಬೆಯ ಹಣೆ ಬೆವರುವುದಿಲ್ಲ, ಹಾಗಾಗಿ ಗೋಡೆಗೆ ಕಲೆ ಬೀಳುವುದಿಲ್ಲ ಎಂದು ಯಾರಿಗೋ ಹೊಳೆಯಿತು. ಅದಕ್ಕೂ ಉಪಾಯ ಇತ್ತು. ಬೆಳಿಗ್ಗೆ ಎದ್ದು ಗೊಂಬೆಗಳ ಹಣೆಗೆ ಕುಸುಬಿ ಎಣ್ಣೆ ಸವರತೊಡಗಿದರು. ಮಗಳೂ ಸವರಿದಳು. ನಗು ಬರುವ ಮಾತು ಇದು, ಆದರೆ ನನಗೆ ನಗು ಬರುತ್ತಿಲ್ಲ.

ಮರುದಿನ ತಾಯಿ ಬಟ್ಟಲು ಎತ್ತಿದಳು. ಅಂಬಲಿ ತುಳುಕಿತು. ಗೊಂಬೆ ಎದ್ದು ಗೋಡೆಗೆ ತಿರುಗಿತು.

ತಾಯಿಯ ಕೈ ಅರ್ಧದಲ್ಲೇ ನಿಂತಿತು. ಎದುರಿಗೆ ಯಾರೂ ಇರಲಿಲ್ಲ. ಒಂದು ಬೆನ್ನು ಇತ್ತು, ಅದರ ಪಕ್ಕ ಇನ್ನೊಂದು ಬೆನ್ನು ಇತ್ತು. ಅವಳು ಬಹಳ ಹೊತ್ತು ಹಾಗೇ ಬಟ್ಟಲು ಹಿಡಿದು ಕೂತಳು, ಆಮೇಲೆ ಕೆಳಗಿಟ್ಟಳು.

"ನೀನೂ ಹಂಗಽ ಆದಿ," ಎಂದಳು.

ಕೋಪವಿರಲಿಲ್ಲ ಆ ಮಾತಿನಲ್ಲಿ. ಅದು ಮಗಳಿಗೆ ಆಡಿದ ಮಾತಲ್ಲ. ಆದರೆ ಎರಡು ಬೆನ್ನುಗಳಲ್ಲಿ ಅದು ನಾಟಿದ್ದು ಮಗಳ ಬೆನ್ನಿಗೆ.

ಅಂದಿನಿಂದ ತಾಯಿ ಬಟ್ಟಲು ಮುಟ್ಟಲಿಲ್ಲ. ಕೈ ಗಾಳಿಯಲ್ಲಿ ತಟ್ಟಲಿಲ್ಲ. ಹೊಸ್ತಿಲ ಬಳಿ ಕಾಲು ಮತ್ತೆ ಅಂಟಿಕೊಂಡಿತು. ಮಗಳು ಕಣ್ಣು ಬಿಗಿಯಾಗಿ ಮುಚ್ಚಿ, ಕೈಯಿಂದ ತಡಕಿ ಬಾಯಿ ಹುಡುಕಿ, ಒಂದೊಂದು ಗುಟುಕು ಹಾಕುತ್ತಿದ್ದಳು. ಅರ್ಧ ಒಳಗೆ, ಅರ್ಧ ಹೊರಗೆ. ಹೊಲದಲ್ಲಿ ತೆನೆ ಬಲಿಯುತ್ತಿತ್ತು. ತೆನೆ ಬಲಿತದ್ದನ್ನು ಕಂಡು ಆ ವರ್ಷ ದುಃಖಪಟ್ಟವಳು ಊರಿನಲ್ಲಿ ಅವಳೊಬ್ಬಳೇ.

ಅವಳು ವೈದ್ಯೆಯ ಬಳಿ ಹೋದಳು.

"ಕಲಿಸಿದ್ದನ್ನ ತಗದ ಹಾಕ್ರಿ," ಎಂದಳು.

"ಬಿಡಿಸುತ್ತೇನೆ. ಅದೇನು ದೊಡ್ಡದಲ್ಲ," ಎಂದಳು ವೈದ್ಯೆ. "ಆದರೆ ಮತ್ತೆ ನೋಡೋದನ್ನ ಕಲಿಸಬೇಕಲ್ಲ. ಮೊದಲು ನಾನು ಕಲಿಸಿದ್ದು ನನ್ನ ತಾಯಿ ಎದುರು ಕೂತು. ಆಕೆ ಈಗಿಲ್ಲ. ಈ ಊರಲ್ಲಿ ಯಾರಾದರೂ ಒಬ್ಬರು ತಮ್ಮ ಹೆತ್ತವರನ್ನ ನೋಡಿದರೆ, ಅದನ್ನ ಕಂಡು ಇವು ಕಲೀತವೆ. ಯಾರಿದ್ದಾರೆ, ಹೇಳಿ."

ಮಗಳು ಒಂದೊಂದೇ ಮನೆಯನ್ನು ಮನಸ್ಸಿನಲ್ಲಿ ಹೊಕ್ಕು ಬಂದಳು. ಎಲ್ಲ ಮನೆಯಲ್ಲೂ ಬೆನ್ನುಗಳಿದ್ದವು. ವೈದ್ಯೆ ಒತ್ತಾಯ ಮಾಡಲಿಲ್ಲ. ಅವಳು ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಮಗಳು ತಲೆ ತಗ್ಗಿಸಿ ಮನೆಗೆ ಬಂದಳು.

ಸುಗ್ಗಿ ಮುಗಿಯಿತು. ಕೇಳುವವನು ಬಂದ. ಚಪ್ಪಲಿ ಹೊರಗೆ ಬಿಟ್ಟು, ತಾಯಿಗೆ ನಮಸ್ಕಾರ ಮಾಡಿ, ಗೋಡೆಯ ಹತ್ತಿರ ಹೋಗಿ ಕಲೆಯನ್ನು ಮೆಚ್ಚಿ ತಲೆಯಾಡಿಸಿ, ಹಣೆ ಆನಿಸಿದ.

"ನಡೀಲಿ," ಎಂದ.

ತಾಯಿಯ ಮುಂದೆ ಅಂಬಲಿಯ ಬಟ್ಟಲು ಇತ್ತು. ತಾಯಿ ಅದನ್ನು ನೋಡಲೂ ಇಲ್ಲ. ವೈದ್ಯೆ ಪಾಠ ಬಿಡಿಸಿ ಕಳಿಸಿದ್ದ ಗೊಂಬೆ ಮೂಲೆಯಲ್ಲಿ ನಿಂತಿತ್ತು, ಅದಕ್ಕೆ ನೋಡಲೂ ಬರುತ್ತಿರಲಿಲ್ಲ, ತಿರುಗಲೂ ಬರುತ್ತಿರಲಿಲ್ಲ. ಮಗಳು ಕೇಳುವವನ ಪಕ್ಕ ಗೋಡೆಗೆ ನಿಂತಿದ್ದಳು. ಹೊರಗೆ ಬಂಡಿ ಕಾಯುತ್ತಿತ್ತು. ಎತ್ತಿನ ಕೊರಳ ಗಂಟೆ ಆಗಾಗ ಅಲ್ಲಾಡುತ್ತಿತ್ತು. ಕಣ್ಣಿಲ್ಲದ ಮನೆಗೆ ದಾರಿ ದೂರವೇನಿಲ್ಲ.

ಮಗಳು ಹಣೆಯನ್ನು ಗೋಡೆಯಿಂದ ಕಿತ್ತಳು. ಕಿತ್ತಳು ಎಂದೇ ಹೇಳಬೇಕು, ಅದು ಅಷ್ಟು ಅಂಟಿಕೊಂಡಿತ್ತು. ತಿರುಗಿದಳು, ತಾಯಿಯ ಎದುರಿಗೆ ಗೊಂಬೆ ಕೂರುತ್ತಿದ್ದ ಜಾಗದಲ್ಲಿ ಕೂತಳು, ತಲೆ ಎತ್ತಿ ನೋಡಿದಳು.

ಹೀಗೆ ನೋಡಿ ಎಷ್ಟು ವರ್ಷವಾಗಿತ್ತೋ. ತಾಯಿಯ ಹುಬ್ಬು ಬೆಳ್ಳಗಾಗಿತ್ತು, ಯಾವಾಗ ಆಯಿತೋ ಅವಳಿಗೆ ಗೊತ್ತಿರಲಿಲ್ಲ. ಗದ್ದದ ಕೆಳಗೆ ಒಂದು ಹಳೆಯ ಗಾಯ ಒಣಗಿತ್ತು, ಯಾವಾಗ ಬಿದ್ದಳೋ ಗೊತ್ತಿರಲಿಲ್ಲ. ಕೊರಳ ಮಡಿಕೆಯಲ್ಲಿ ಒಣಗಿದ ಅಂಬಲಿ ಹಪ್ಪಳಗಟ್ಟಿತ್ತು, ಎಷ್ಟು ದಿನದ್ದೋ. ಕಣ್ಣು ಮುಚ್ಚಿ ಮುಖ ಒರೆಸಿದರೆ ಕೊರಳು ಉಳಿದುಬಿಡುತ್ತದೆ. ಮಗಳಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ತಾಯಿಯನ್ನು ನೋಡಿದ್ದಕ್ಕೆ ಬಂದ ನಾಚಿಕೆ ಅದಲ್ಲ. ಇಷ್ಟು ದಿನ ನೋಡದೆ ಇದ್ದದ್ದಕ್ಕೆ ಬಂದ ನಾಚಿಕೆ. ಅದನ್ನು ಎಲ್ಲಿ ಬಚ್ಚಿಡಬೇಕೋ ತಿಳಿಯದೆ ಅವಳು ತಿರುಗಿಬಿಡಲು ಹೊರಟಳು. ತಿರುಗಿ ಹಣೆ ಆನಿಸಿಬಿಟ್ಟರೆ ಎಲ್ಲ ತಣ್ಣಗಾಗುತ್ತಿತ್ತು. ಅವಳು ತಿರುಗಲಿಲ್ಲ.

ಅವಳು ಬರಿಗೈಯನ್ನು ಬಟ್ಟಲು ಹಿಡಿದಂತೆ ಮಾಡಿ ಎತ್ತಿದಳು.

ತಾಯಿ ನಿಧಾನಕ್ಕೆ ಅವಳತ್ತ ಕಣ್ಣು ತಿರುಗಿಸಿದಳು. ಆ ಮುಖವನ್ನು ಅವಳೂ ಎದುರಿನಿಂದ ಕಂಡು ಬಹಳ ಕಾಲವಾಗಿತ್ತು. ಅವಳು ಬಲ್ಲದ್ದು ಮಗಳ ಬೆನ್ನು. ಈ ಮನೆಯಲ್ಲಿ ಎದುರಿಗೆ ಕೂತು ನೋಡುವವರು ಯಾರೆಂದು ಅವಳಿಗೆ ಗೊತ್ತಿತ್ತು.

"ಹೊಸಾ ಗೊಂಬಿ ಏನವ್ವಾ ನೀ?" ಎಂದು ಕೇಳಿದಳು.

ಕೇಳುವವನ ಹೆಗಲು ಅಲುಗಿತು. ಅವನು ತಿರುಗುವಂತಿರಲಿಲ್ಲ. ಮಗಳ ಗಂಟಲಲ್ಲಿ ನಾನು ನಿನ್ನ ಮಗಳು ಎಂಬ ಮಾತು ಬಂದು ನಿಂತಿತು. ಹೇಳಿದರೆ ತಾಯಿ ಬಟ್ಟಲು ಮುಟ್ಟುವುದೇ ಇಲ್ಲ. ಮಗಳ ಮುಂದೆ ಯಾವ ತಾಯಿಯೂ ಚೆಲ್ಲಿಕೊಳ್ಳುವುದಿಲ್ಲ, ಹಾಗೆಂದು ಈ ಊರು ತಾಯಿಗೂ ಚಿಕ್ಕಂದಿನಿಂದ ಕಲಿಸಿತ್ತು.

"ಹೌದವ್ವ, ಗೊಂಬಿನ," ಎಂದಳು ಮಗಳು.

"ಛಲೋ ಆತು," ಎಂದಳು ತಾಯಿ. ಬಟ್ಟಲು ಹಿಡಿದಳು.

ಮಗಳು ಕೈ ಎತ್ತಿದಳು, ತಾಯಿ ಬಟ್ಟಲು ಎತ್ತಿದಳು. ಅಂಬಲಿ ತುಳುಕಿ ಮಡಿಲ ಮೇಲೆ ಬಿತ್ತು. ಮಗಳು ನೋಡಿದಳು. ಕಣ್ಣು ತುಂಬಿ ಬಂದರೂ ಒರೆಸಲಿಲ್ಲ, ಗೊಂಬೆ ಕಣ್ಣು ಒರೆಸಿಕೊಳ್ಳುವುದಿಲ್ಲ. ಇನ್ನೊಂದು ಕೈಯಿಂದ ತೊಡೆಯ ಮೇಲೆ ರೊಟ್ಟಿಯ ಅಳತೆಗೆ ತಟ್ಟಿದಳು. ತಪ್ಪ ತಪ್ಪ ತಪ್ಪ. ಬಟ್ಟಲು ಮೇಲೆ ಬಂತು, ತುಟಿ ಮುಟ್ಟಿತು, ಗಂಟಲು ಸದ್ದು ಮಾಡಿತು. ಒಂದು ಗುಟುಕು ಒಳಗೆ, ಒಂದಿಷ್ಟು ಹೊರಗೆ, ಮತ್ತೆ ಒಂದು ಗುಟುಕು. ಮೂಲೆಯಲ್ಲಿದ್ದ ಗೊಂಬೆ ತಲೆಯನ್ನು ಈ ಕಡೆ ಹೊರಳಿಸಿ ಮಗಳನ್ನು ನೋಡಿತು. ಆಮೇಲೆ ಅವಳು ಯಾರನ್ನು ನೋಡುತ್ತಿದ್ದಳೋ ಆ ತಾಯಿಯನ್ನು ನೋಡಿತು.

ಬಟ್ಟಲು ಬರಿದಾಗಿ ನೆಲಕ್ಕೆ ತಾಗಿದ ಸದ್ದಾಯಿತು. ಕೇಳುವವನು ಎಲ್ಲವನ್ನೂ ಕೇಳಿದ್ದ. ಗಂಟಲನ್ನು ಕೇಳಿದ್ದ, ಚೆಲ್ಲಿದ್ದನ್ನು ಕೇಳಿದ್ದ, ಗೊಂಬೆ ಎಂದು ಹೇಳಿಕೊಂಡ ದನಿಯನ್ನೂ ಕೇಳಿದ್ದ. ಅವನಿಗೂ ಒಬ್ಬ ತಂದೆ ಇದ್ದ, ಹೋದ ಸುಗ್ಗಿಯಲ್ಲಿ ಅವನೇ ಕೇಳಿ ಕಣ್ಣಿಲ್ಲದ ಮನೆಗೆ ಕಳಿಸಿದ ತಂದೆ.

"ಮನ್ಯಾಗಽ ಇರ್ಲಿ," ಎಂದ. ಗೋಡೆ ಹಿಡಿದುಕೊಂಡೇ ಬಾಗಿಲ ತನಕ ಹೋಗಿ, ಯಾರ ಮುಖವನ್ನೂ ನೋಡದೆ ಖಾಲಿ ಬಂಡಿಯನ್ನೇ ಹೊಡೆಸಿಕೊಂಡು ಹೋದ.

ಮಗಳು ಸೆರಗಿನಿಂದ ತಾಯಿಯ ಗದ್ದ ಒರೆಸಿದಳು, ಕೊರಳ ಮಡಿಕೆಯನ್ನೂ ಒರೆಸಿದಳು. ತಾಯಿ ಒರೆಸಿಸಿಕೊಳ್ಳುತ್ತ ಅವಳನ್ನೇ ನೋಡುತ್ತಿದ್ದಳು. ಆಮೇಲೆ ಸುತ್ತ ಒಮ್ಮೆ ನೋಡಿ ದನಿ ತಗ್ಗಿಸಿದಳು.

"ನನ್ನ ಮಗಳು ಎಲ್ಲಿ ಅದಾಳ?"

ಮಗಳ ಕೈ ನಿಂತಿತು. ಹಿಂದಿನ ಗೋಡೆಯಲ್ಲಿ ಕಪ್ಪು ಕಲೆ ಬಿಟ್ಟರೆ ಬೇರೇನೂ ಇರಲಿಲ್ಲ.

"ಗ್ವಾಡಿ ಕಡೆ ಮಾರಿ ಮಾಡಿ ನಿಂತಾಳವ್ವ," ಎಂದಳು.

"ನಿಂದರ್ಲಿ," ಎಂದಳು ತಾಯಿ. "ಭಾಳ ಒಳ್ಳೇಕಿ ಅದಾಳ. ನನ್ನ ಕೈ ಹಿಂಗ ಆಗೇತಂತ ಆಕಿಗೆ ಹೇಳಬ್ಯಾಡ."

"ಹೇಳಂಗಿಲ್ಲವ್ವ," ಎಂದಳು ಮಗಳು.